ಬರೇ ಪೊರಿ

ಸುರೇಬಾನದ ಹೈಸ್ಕೂಲಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸಿದವರನ್ನು ನಾವು ಅಕ್ಕಾರು ಎನ್ನುತ್ತಿದ್ದೆವು. ಬೋರ್ಡಿನ ಮೇಲೆ ಸಸ್ಯಕೋಶ ಬರೆದರೆ ಅದರ ಸುತ್ತಿನ ಭಿತ್ತಿಯನ್ನು ಒತ್ತಿ ಒತ್ತಿ ತಿದ್ದುವರು. ಪ್ರಾಣಿಕೋಶಕ್ಕೆ ಒಂದೇ ತೆಳು ಗೆರೆ. "ಗಿಡದ ಕೋಶಕ್ಕ ಗ್ವಾಡಿ ಐತಿ. ನಮ್ಮದಕ್ಕ ಬರೇ ಪೊರಿ. ಅದು ಹರೀತಂದ್ರ ಮುಗೀತು," ಎಂದು ಸೀಮೆಸುಣ್ಣ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವರು.

ಅವರ ಮಗಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಪ್ರಯೋಗದ ದಿನ ಕಡ್ಡಿಯಿಂದ ತನ್ನ ಕೆನ್ನೆಯ ಒಳಭಾಗ ಕೆರೆದು, ಸ್ಲೈಡಿಗೆ ಸವರಿ, ನೀಲಿ ಬಣ್ಣ ಹಾಕಿ ಕೊಟ್ಟವಳು ಅವಳೇ. ಅವಳ ಕೋಶಗಳನ್ನು ನಾವೆಲ್ಲ ಸರದಿಯಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಒಂದೊಂದರ ನಡುವೆಯೂ ಕಡುನೀಲಿ ಚುಕ್ಕೆ, ಅದು ಕೋಶಕೇಂದ್ರ. ಮರುತಿಂಗಳು ಅವಳು ಡೆಂಗಿ ಜ್ವರದಿಂದ ತೀರಿಕೊಂಡಳು.

ಹದಿನೈದು ದಿನದ ಮೇಲೆ ಅಕ್ಕಾರು ಶಾಲೆಗೆ ಬಂದರು. ಕಪಾಟಿನಿಂದ ಆ ಸ್ಲೈಡ್ ತೆಗೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನನ್ನನ್ನು ಕರೆದರು. "ನನ್ನ ಕಣ್ಣು ಮಂಜ ಆಗ್ಯಾವ. ನೀ ನೋಡವಾ, ಚುಕ್ಕಿ ಕಾಣತಾವೇನು?"

ಸ್ಲೈಡು ಒಣಗಿ ಬರೀ ನೀಲಿ ಕಲೆ ಉಳಿದಿತ್ತು.

"ಕಾಣತಾವ್ರಿ ಅಕ್ಕಾರ."

"ಪೊರಿ ಹರದಿಲ್ಲಲ್ಲ?"

"ಇಲ್ರಿ," ಎಂದೆ, ಕಣ್ಣು ಮೇಲೆತ್ತದೆ. "ಹಂಗ ಐತ್ರಿ."