ಖರ್ಜೂರದ ಗರಿ ಜೆಲ್ ಆದ ದಿನ

ಮಕ್ಕಳೇ, ನಿಮ್ಮ ಅಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಏನು ಮಾಡುತ್ತಾಳೆಂದು ನೀವು ಕೇಳಿದಾಗಲೆಲ್ಲ ನಾನು ನಕ್ಕು ಮಾತು ಬದಲಿಸುತ್ತೇನೆ. ಬಾಯಿ ಬಿಟ್ಟು ಹೇಳಲು ಸಂಕೋಚ. ಬರೆಯುವುದಾದರೆ ಆದೀತು.

ಅರಬ್ ನಾಡಿನ ಅಲ್ ಅಜೈಬಾದ ನಮ್ಮ ಮನೆಯ ಹಿಂದಿನ ತೋಟದ ಅರಬರು ಖರ್ಜೂರದ ಒಣಗರಿ ಕಡಿಸಿ ಬೇಲಿಯ ಹೊರಗೆ ರಾಶಿ ಹಾಕಿಸುತ್ತಿದ್ದರು. ನಿಮ್ಮ ಅಮ್ಮ ಅದನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗುವಳು. ಪುಡಿ ಮಾಡಿ, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳಿ ಮಾಡಿ, ತೊಳೆದು, ಅರೆದು, ಕಣ್ಣಿಗೇ ಕಾಣದಷ್ಟು ಸಣ್ಣ ನಾರು ತೆಗೆಯಬೇಕು. ಸಾಕಷ್ಟು ಸಣ್ಣದಾದರೆ ಆ ನಾರು ನೀರನ್ನೆಲ್ಲ ಹಿಡಿದು ಗಟ್ಟಿಯಾಗಿ ನಿಲ್ಲುತ್ತದೆ, ಅದೇ ಜೆಲ್. ಇಲ್ಲವಾದರೆ ತಳಕ್ಕೆ ಕೂರುತ್ತದೆ. ಅವಳದು ಪ್ರತಿ ಸಲವೂ ತಳಕ್ಕೆ ಕೂತಿತು. ಇನ್ನೊಮ್ಮೆ ಕೆಟ್ಟರೆ ಕೆಲಸ ನಿಲ್ಲಿಸುತ್ತೇವೆ ಎಂದರು ಕಾಲೇಜಿನವರು. ತೊಳೆದ ತಿರುಳನ್ನು ಒಣಗಿಸುವುದೇ ತಪ್ಪು, ಒಣಗಿದರೆ ನಾರುಗಳು ಒಂದಕ್ಕೊಂದು ಅಂಟಿಬಿಡುತ್ತವೆ ಎಂದು ಅವಳಿಗೆ ಹೊಳೆಯಿತು. ಆ ಸಲ ಹಸಿಯಾಗಿಯೇ ಅರೆದಳು.

ನನಗೆ ಬೇರೆಯೇ ಭಯ. ಇವಳು ಅರಬರನ್ನು ಕೇಳಿದ್ದಾಳೋ ಇಲ್ಲವೋ? ಪರದೇಶದಲ್ಲಿ ಕಂಡವರ ಗರಿ ಹೊತ್ತರೆ ಪೊಲೀಸರು ಬಿಟ್ಟಾರೆಯೇ?

ಅವಳು ಹಾಗೆ ಅರೆದ ದಿನ ಮಧ್ಯಾಹ್ನ ಫೋನು ಬಂತು. ಯಂತ್ರದ ಗದ್ದಲದ ನಡುವೆ ಅವಳ ಕೂಗು: "ಮಾಮೀ, ಜೆಲ್ ಆಯ್ತು! ಜೆಲ್!" ಅಷ್ಟರಲ್ಲಿ ಕಟ್ಟಾಯಿತು. ನನಗೆ ಕೇಳಿಸಿದ್ದು "ಜೈಲಾಯ್ತು".

ಈ ದೇಶಕ್ಕೆ ಬಂದ ಮೇಲೆ ಒಂದು ಬಾಗಿಲನ್ನೂ ತಟ್ಟದವಳು ಎದುರುಮನೆಯ ಮಂಗಳೂರಿನ ಬಾಯಮ್ಮನವರ ಬಾಗಿಲನ್ನು ಎರಡೂ ಕೈಗಳಿಂದ ಬಡಿದೆ.

"ಬಾಯಮ್ಮಾ, ಸೊಸೆಗೆ ಜೈಲಾಯ್ತಂತೆ! ಗರಿ ತಂದದ್ದಕ್ಕೆ!"

"ಒಣಗರಿಗೆ ಯಾರು ಜೈಲಿಗೆ ಹಾಕ್ತಾರೆ ಮಾರಾಯ್ರೆ? 'ಯಲ್ಲಾ, ನಡಿ, ಪೂರಾ ತಗೊಂಡು ಹೋಗು' ಅಂತ ಆ ಅರಬರೇ ಅವಳಿಗೆ ಹೇಳಿದ್ದು ನಾನೇ ಕೇಳಿದ್ದೇನೆ."

ಆದರೂ ಅವರು ನಿಮ್ಮ ಅಮ್ಮನಿಗೆ ಫೋನು ಮಾಡಿದರು. ಕೇಳುತ್ತಾ ಕೇಳುತ್ತಾ ನಗು ತಡೆಯಲಾರದೆ ನೆಲದಲ್ಲೇ ಕೂತುಬಿಟ್ಟರು. "ಜೈಲಲ್ಲ, ಜೆಲ್ಲು! ನಿಮ್ಮ ಸೊಸೆ ಗೆದ್ದದ್ದು ಮಾರಾಯ್ರೆ!"

ಸಂಜೆ ಬಾಯಮ್ಮನೂ ನಮ್ಮ ಮನೆಯಲ್ಲಿದ್ದಾಗ ನಿಮ್ಮ ಅಮ್ಮ ಒಂದು ಗಾಜಿನ ಬಾಟಲಿ ತಂದಳು. ಒಳಗೆ ಎಳನೀರು ಬೊಂಡದ ಒಳಗಿನ ಗಂಜಿಯಂತೆ ಬಿಳುಪಾದ, ಬೆಳಕು ಹಾಯುವ ಪದಾರ್ಥ. ಮುಚ್ಚಳ ತೆಗೆದು ನನ್ನ ಕೈಗೇ ಕೊಟ್ಟಳು.

"ಕವುಚಿ ಹಿಡೀರಿ ಮಾಮಿ."

"ಬಿದ್ದರೆ?"

"ಬೀಳೂದಿಲ್ಲ. ಕಾಲೇಜಿನವರೂ ಹೀಗೇ ಕವುಚಿ ನೋಡಿದ್ರು. ಕೆಲಸ ಮುಂದುವರಿಸು ಅಂದ್ರು."

ಕವುಚಿದೆ. ಅಲುಗಾಡಿಸಿದೆ. ಹೆಚ್ಚುಪಾಲು ಬರೀ ನೀರು, ಒಂದು ಚಿಟಿಕೆ ನಾರು, ಆದರೂ ಒಂದು ಹನಿಯೂ ಕೆಳಗಿಳಿಯಲಿಲ್ಲ. ಬೆಂಕಿಗೆ ಹೋಗಬೇಕಿದ್ದ ಗರಿಗೆ ಇಂಥ ಹಿಡಿತ! ನಿಮ್ಮ ಅಮ್ಮ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದಳು, ಕಣ್ಣು ತುಂಬಿಕೊಂಡು.

"ಇನ್ನು ಸೀದಾ ಮಾಡಿ ಮಾರಾಯ್ರೆ," ಎಂದರು ಬಾಯಮ್ಮ, "ನನಗೆ ತಲೆ ತಿರುಗ್ತದೆ."

ನಾನು ಸೀದಾ ಮಾಡಲಿಲ್ಲ; ಕವುಚಿಯೇ ಹಿಡಿದಿದ್ದೆ.