ಲ್ಯಾಮಿನೇಷನ್ ಮಾಡಿಸಿದ ಉಯಿಲು

ನನ್ನ ಅಕ್ಕ ಯಾವ ವಸ್ತುವನ್ನೂ ಬರಿಮೈಯಲ್ಲಿ ಬಿಡುವವಳಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಹೊಲಿಗೆ ಯಂತ್ರಕ್ಕೆ ಹಳೆಯ ಬೆಡ್‌ಶೀಟಿನ ಅಂಗಿ, ಕೊಡೆಗೊಂದು ಚೀಲ, ಆ ಚೀಲ ಕೊಳೆಯಾಗದಿರಲೆಂದು ಇನ್ನೊಂದು ಚೀಲ. "ಒಂದು ಕಡೆ ಕೂತ್ರೆ ನಂಗೂ ಗವಸು ಹೊಲೀತಾಳೆ ಕಣಯ್ಯ, ಅದಕ್ಕೇ ಅಂಗಡಿಗೆ ಓಡೋದು" ಎಂದು ಭಾವ ಗೇಲಿ ಮಾಡುತ್ತಿದ್ದರು.

ಅಸಲಿಗೆ ಈ ಚಟ ಹಿಡಿಸಿದ್ದೇ ಅವರು. ಭಾವ ಗಡಿಯಾರ ರಿಪೇರಿಯವರು. ಮಾರುಕಟ್ಟೆಯ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ಅಂಗಡಿ. ಮದುವೆಯಾದ ಹೊಸತರಲ್ಲಿ ಅವರು ಬಿಚ್ಚಿಟ್ಟ ಗಡಿಯಾರದ ಪಕ್ಕದಲ್ಲೇ ಅಕ್ಕ ಕಸ ಗುಡಿಸಿದಳಂತೆ. "ಧೂಳು ಕೂತ್ರೆ ಗಡಿಯಾರ ಸತ್ತ ಹಾಗೆ. ಬಿಚ್ಚಿದ್ದನ್ನ ಮುಚ್ಚದೆ ಏಳಬಾರ್ದು" ಎಂದರಂತೆ ಭಾವ, ಅಷ್ಟೇ. ಅಂದಿನಿಂದ ಮನೆಯಲ್ಲಾಗಲಿ, ಊಟ ಒಯ್ದಾಗ ಅಂಗಡಿಯಲ್ಲಾಗಲಿ, ಅವರು ಮೇಜು ಬಿಟ್ಟು ಎದ್ದರೆ ಸಾಕು, ಅಕ್ಕ ಬಿಚ್ಚಿದ ಗಡಿಯಾರದ ಮೇಲೆ ಗಾಜಿನ ಲೋಟ ಬೋರಲು ಹಾಕುವಳು. ಮಕ್ಕಳಾಗಲಿಲ್ಲ. ಇಬ್ಬರ ಸಂಸಾರವೆಲ್ಲ ಹೀಗೇ ನಡೆಯಿತು, ಒಬ್ಬರು ಬಿಚ್ಚುವುದು, ಒಬ್ಬರು ಮುಚ್ಚುವುದು.

ಭಾವ ತೀರಿಕೊಂಡ ಮೇಲೆ ಮಾರುಕಟ್ಟೆ ಕಚೇರಿಯವರು ಅಂಗಡಿಗೆ ಬೀಗ ಜಡಿದು ಮೊಹರು ಒತ್ತಿದರು. ಅಂಗಡಿ ಅಕ್ಕನಿಗೇ ಸೇರಬೇಕೆಂದು ಭಾವ ಉಯಿಲು ಬರೆದಿದ್ದರು. ಆದರೆ ಅದು ನಿಜವಾದ ಉಯಿಲೆಂದು ಕೋರ್ಟು ಹೇಳಬೇಕಂತೆ, ಇಲ್ಲದಿದ್ದರೆ ಅಂಗಡಿ ಹರಾಜಿಗೆ. ಒಳಗೆ ಊರವರ ಗಡಿಯಾರಗಳೆಲ್ಲ ಸಿಕ್ಕಿಕೊಂಡಿದ್ದವು. ಅಕ್ಕ ಬೀದಿಗಿಳಿದರೆ "ನಮ್ಮದು ಆಯ್ತಾ?" ಎಂದು ಒಬ್ಬರಲ್ಲ ಒಬ್ಬರು ಕೇಳುವರು. ಕದ್ದವಳ ಹಾಗೆ ತಲೆ ತಗ್ಗಿಸಿಕೊಂಡು ಮನೆ ಸೇರುವಳು.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಶಾಲೆಗೂ ನನಗೂ ಬೇಗ ಹರಿಯಿತು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ. ಕೋರ್ಟಿನ ಗೇಟಿನಲ್ಲಿ ಕೂತವನ ಹತ್ತಿರ ಅರ್ಜಿ ಕೊಂಡು, ಬೆವರು ಸುರಿಸಿ ತುಂಬಿಸಿ, ಕಿಟಕಿಯೊಳಗೆ ನೂಕಿದೆ. ಗುಮಾಸ್ತೆ ಒಂದು ಪುಟ ತಿರುಗಿಸಿ ಹೊರಗೆ ನೂಕಿದರು.

"ಇದು ಉಯಿಲು ಬರೀದೇ ಹೋದವರ ಅರ್ಜಿ. ನಿಮ್ಮದು ಬೇರೆ."

"ಗೇಟಲ್ಲಿ ಇದನ್ನೇ ಕೊಟ್ರಲ್ರೀ!"

"ಗೇಟಲ್ಲಿ ಬಾಚಣಿಗೆನೂ ಕೊಡ್ತಾರೆ. ಯಾವ ಅರ್ಜಿ ಅಂತ ಒಳಗೆ ಬಂದು ಕೇಳ್ಬೇಕಪ್ಪ."

ಮೈ ಉರಿದುಹೋಯಿತು. ಅಕ್ಕ ಹಿಂದಿನಿಂದ ಅಂಗಿ ಜಗ್ಗಿದಳು. ಗುಮಾಸ್ತೆ ಕಪಾಟು ತಡಕಾಡಿ ಸರಿಯಾದ ಅರ್ಜಿ ತಾವೇ ತೆಗೆದುಕೊಟ್ಟರು. ಬೆಂಚಿನ ಮೇಲೆ ಕೂತು ಅದನ್ನೂ ತುಂಬಿಸಿ ತಂದೆವು. "ಮೂಲ ಉಯಿಲು?" ಎಂದರು. ಅಕ್ಕ ಚೀಲದೊಳಗಿನ ಚೀಲದಿಂದ ತೆಗೆದು ಕಿಟಕಿಯಲ್ಲಿಟ್ಟಳು. ಟಪ್ ಎಂದು ಸದ್ದಾಯಿತು. ಕಾಗದ ಎಲ್ಲಾದರೂ ಟಪ್ ಎನ್ನುತ್ತದೆಯೇ?

ಲ್ಯಾಮಿನೇಷನ್! ದಪ್ಪ ಪ್ಲಾಸ್ಟಿಕ್ಕಿನೊಳಗೆ ಭಾವನ ಅಕ್ಷರಗಳು ನೀರೊಳಗಿನ ಮೀನಿನ ಹಾಗೆ ಹೊಳೆಯುತ್ತಿದ್ದವು.

"ಅಮ್ಮಾ, ಇದರ ಮೇಲೆ ಕೋರ್ಟಿನ ಮೊಹರು ಹೇಗೆ ಒತ್ತಲಿ? ಒಳಗೇನೋ ತಿದ್ದಿ ಮುಚ್ಚಿದ್ದಾರೆ ಅಂತ ಜಡ್ಜ್ ಅಂದ್ರೆ?"

"ಏನ್ರೀ ಹಾಗಂದ್ರೆ? ನಮ್ಮಕ್ಕ ಕಳ್ಳಿನಾ?" ನನ್ನ ದನಿ ಗೇಟಿನವರೆಗೂ ಕೇಳಿಸಿರಬೇಕು.

"ಕೂಗಾಡಿದ್ರೆ ಪ್ಲಾಸ್ಟಿಕ್ ಬಿಟ್ಕೊಳ್ಳುತ್ತೇನ್ರೀ? ಕೀಳೋಕೆ ಮಾತ್ರ ಹೋಗ್ಬೇಡಿ, ಇರೋ ಅಕ್ಷರಾನೂ ಹೋಗುತ್ತೆ. ಯಾರು, ಯಾಕೆ ಮಾಡಿಸಿದ್ದು ಅಂತ ಪ್ರಮಾಣ ಮಾಡಿ ಅಫಿಡವಿಟ್ ಕೊಡಿ. ಸಾಕ್ಷಿ ಹಾಕಿದವರೂ ಬಂದು ಇದೇ ಉಯಿಲು ಅಂತ ಹೇಳ್ಲಿ."

ಮನೆಗೆ ಬಂದು ನಾನೇ ಬರೆಯಲು ಕೂತೆ. "ಅಜ್ಞಾನದಿಂದಾದ ತಪ್ಪು, ಕ್ಷಮಿಸಬೇಕು" ಎಂದು ಓದಿದ್ದೇ ತಡ, ಅಕ್ಕ ತಡೆದಳು.

"ಅದನ್ನ ಹೊಡೆದುಹಾಕು."

"ಯಾಕೆ? ಸ್ವಲ್ಪ ಬಗ್ಗಿದ್ರೆ ಗಂಟೇನು ಹೋಗುತ್ತೆ?"

"ಪ್ರಮಾಣ ಮಾಡಿ ಸುಳ್ಳು ಹೇಳ್ಲಾ? ಗೊತ್ತಿದ್ದೇ ಮಾಡಿಸಿದ್ದು. ಅವರು ಹೋದ್ಮೇಲೆ ದಿನಾ ತೆಗೆದು ನೋಡ್ತಿದ್ದೆ. ಮಡಿಕೆ ಹರಿಯೋಕೆ ಶುರುವಾಯ್ತು. ನನ್ನ ಕೈ ಬೆವರಿಗೆ ಸಹಿ ಮಾಸ್ತಾ ಬಂತು. ನನ್ನಿಂದಾನೇ ಅದನ್ನ ಕಾಪಾಡ್ಬೇಕಿತ್ತು ಕಣೋ. ಹಾಗೇ ಬರಿ."

"ಹರಿದಿತ್ತು, ಮಾಸಿತ್ತು ಅಂತ ನಾವೇ ಬರ್ಕೊಟ್ರೆ ಅನುಮಾನ ಬರಲ್ವಾ? ಅಂಗಡಿ ಹೋಗುತ್ತೆ ಕಣೆ!"

"ಹೋದ್ರೆ ಹೋಗ್ಲಿ" ಎಂದಳು. ಕೈ ಮಾತ್ರ ಆ ಪ್ಲಾಸ್ಟಿಕ್ ಚೀಲವನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿತ್ತು. ನಾನು ಹಾಳೆ ಹರಿದು, ಹಲ್ಲು ಕಚ್ಚಿಕೊಂಡು, ಅವಳು ಹೇಳಿದಂತೆಯೇ ಬರೆದೆ.

ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಆಗಲೇ ತೀರಿಕೊಂಡಿದ್ದರು. ಉಳಿದವನು ಪಕ್ಕದ ಅಂಗಡಿಯಲ್ಲಿ ಬೀಗದ ಕೈ ಮಾಡುವವನು. ಕೋರ್ಟಿಗೆ ಬಂದವನೇ "ಅತ್ತಿಗೆ, ಉಯಿಲಿಗೂ ರೈನ್‌ಕೋಟಾ!" ಎಂದ. ಒಳಗೆ ಹೋದಾಗ ಮಾತ್ರ ಆ ಹಲಗೆಯಂಥ ಕಾಗದವನ್ನು ಬೆಳಕಿಗೆ ಹಿಡಿದು ಗಂಭೀರವಾದ. "ಇದೇ ಸ್ವಾಮಿ. ಸಹಿ ನಂದೇ. ಅವತ್ತು ನನ್ನ ಕೈಯೆಲ್ಲ ಎಣ್ಣೆ. ಈ ಕಲೆ ನೋಡಿ, ನಂದೇ ಹೆಬ್ಬೆಟ್ಟು. ಅವರು ಬೈದ್ರು ಕೂಡ."

ಜಡ್ಜ್ ಅಫಿಡವಿಟ್ಟನ್ನು ನಿಧಾನವಾಗಿ ಓದಿದರು. ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿದರು.

"ದಿನಾ ತೆಗೆದು ನೋಡ್ತಿದ್ರಾ?"

"ಈಗ್ಲೂ ನೋಡ್ತೀನಿ. ಈಗ ಮಾಸಲ್ಲ."

ಅವರು ತಲೆ ತಗ್ಗಿಸಿ ಏನೋ ಬರೆದರು. ತಕರಾರಿದ್ದವರು ಬರಲೆಂದು ಕೋರ್ಟು ಗಡುವು ಕೊಟ್ಟಿತು, ಯಾರೂ ಬರಲಿಲ್ಲ, ಆದೇಶ ಅಕ್ಕನ ಕಡೆಗೆ ಆಯಿತು. ಅದನ್ನು ಕೊಡುವಾಗ ಗುಮಾಸ್ತೆ "ಇದನ್ನಾದ್ರೂ ಹಾಗೇ ಬಿಡಿ ಅಮ್ಮ, ಕೈ ಮುಗೀತೀನಿ" ಎಂದರು. ಅಕ್ಕ ಅದನ್ನು ಬಿಸಿ ಪಾತ್ರೆಯ ಹಾಗೆ ಅಂಚಿನಲ್ಲಿ ಹಿಡಿದುಕೊಂಡೇ ಮಾರುಕಟ್ಟೆಯವರೆಗೆ ನಡೆದಳು.

ಮೊಹರು ಒಡೆಸಿ ಬಾಗಿಲು ಎಳೆದೆವು. ಒಳಗೆಲ್ಲ ಬೆರಳ ದಪ್ಪ ಧೂಳು. ಮೇಜಿನ ಮೇಲೆ ಒಂದು ಗಾಜಿನ ಲೋಟ ಬೋರಲಾಗಿತ್ತು. ಅದರಡಿಯಲ್ಲಿ ಭಾವ ಕೊನೆಗೆ ಬಿಚ್ಚಿದ ಗಡಿಯಾರ. ಅಕ್ಕ ಲೋಟದ ಹೊರಮೈ ಒರೆಸಿ ಮೆಲ್ಲನೆ ಎತ್ತಿದಳು. ಪುಟ್ಟ ಹಲ್ಲಿನ ಚಕ್ರಗಳು ಈಗಷ್ಟೇ ಬಿಚ್ಚಿಟ್ಟ ಹಾಗೆ ಹೊಳೆದವು. ಅವಳಿಗೆ ಸೆಲ್ಲು, ಪಟ್ಟಿ ಬದಲಾಯಿಸುವುದಷ್ಟೇ ಬರುತ್ತದೆ. ಮತ್ತೆ ಲೋಟ ಮುಚ್ಚಿದಳು.

ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಯಾರೋ ಬಗ್ಗಿ ನೋಡಿದರು. "ನಮ್ಮದು ಆಯ್ತಾ?"

ಅಕ್ಕ ತಲೆಯೆತ್ತಿದಳು. "ಇಲ್ಲ. ಒಳಗೆ ಬನ್ನಿ, ನಿಮ್ಮದು ಯಾವುದು ಅಂತ ತೋರಿಸಿ."

ಒಳಗೆ ಜಾಗ ಎಲ್ಲಿದೆ? ನಾನು ಹೊರಗೆ ಬಂದು ನಿಂತೆ.