ಉಪವಾಸ ಮುರಿದ ಜೇಡ

ಜೀವಿಗಳ ಡಿಎನ್ಎಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಲ್ಯಾಬೊಂದಕ್ಕೆ ಹುಳ, ಜೇಡ, ಜರಿಗಳನ್ನು ಹಿಡಿದು ತರುವುದು ಜೇಡಕ್ಕನ ಕೆಲಸ. ಡಬ್ಬಿಗಳ ಚೀಲ ಹೊತ್ತು ಅವಳು ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಹೋದ ತಿಂಗಳು ಅವಳು ತೀರಿಕೊಂಡಾಗ ಮನೆಮುಂದೆ ಸೇರಿದ ಎಷ್ಟೋ ಮಂದಿಗೆ ಅವಳ ನಿಜವಾದ ಹೆಸರೇ ಗೊತ್ತಿರಲಿಲ್ಲ.

ಹಿಂದೊಮ್ಮೆ ಹಳೆಯ ಗೋದಾಮಿನ ಗೋಡೆಯ ಬಿರುಕಿನಲ್ಲಿ ಅವಳಿಗೊಂದು ಬೂದು ಜೇಡ ಸಿಕ್ಕಿತ್ತು. ಆ ಜಾತಿಯನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಮರುದಿನವೇ ಗೋದಾಮು ನೆಲಸಮವಾಯಿತು. ಉಳಿದದ್ದು ಅದೊಂದೇ, ಅದೂ ಸೊರಗಿತ್ತು. ಜೇಡದ ಹೊಟ್ಟೆಯಲ್ಲಿ ನೊಣವಿದ್ದರೆ ನೊಣದ ಡಿಎನ್ಎಯೂ ಬೆರೆತು ಓದು ಕೆಡುತ್ತದೆ. ಅದಕ್ಕೇ ಕೆಲವು ದಿನ ಉಪವಾಸ ಕೆಡವಿ, ಜೀವವಿರುವಾಗಲೇ ಹೆಪ್ಪುಗಟ್ಟಿಸಬೇಕು. ತಾನಾಗಿ ಸತ್ತರೆ ಡಿಎನ್ಎ ಚೂರುಚೂರಾಗಿ ಕೆಲಸಕ್ಕೆ ಬಾರದು.

ಲ್ಯಾಬಿಗೆ ಒಯ್ಯಬೇಕಾದ ಬೆಳಿಗ್ಗೆ ನೋಡಿದರೆ, ಮನೆಯಲ್ಲಿಟ್ಟಿದ್ದ ಡಬ್ಬಿಯ ತಳದಲ್ಲಿ ನೊಣದ ರೆಕ್ಕೆ.

"ಅತ್ತೆ, ಇದಕ್ಕೇನಾದ್ರೂ ಹಾಕಿದ್ರಾ?" ಜೇಡಕ್ಕ ಅತ್ತೆಯನ್ನು ಕೇಳಿದಳು.

"ಒಂದು ನೊಣ ಹಾಕ್ದೆ. ಮನೆಗೆ ಬಂದೋರನ್ನ ಉಪವಾಸ ಕೆಡವಿದ ಪಾಪ ನಂಗ್ಯಾಕೆ?"

"ಒಂದೇನಾ?"

"ನಿನ್ನೆ ಒಂದೇ. ಮೊನ್ನೇದು ಸಣ್ಣದು, ಲೆಕ್ಕಕ್ಕಿಲ್ಲ."

ಜೇಡಕ್ಕ ತಲೆಮೇಲೆ ಕೈಹೊತ್ತು ಕೂತಳು. ಮತ್ತೆ ಉಪವಾಸ ಕೆಡವಿದರೆ ಅದು ಬದುಕೀತೆಂಬ ನಂಬಿಕೆಯಿಲ್ಲ. ಬೇರೆ ದಾರಿಯೂ ಇಲ್ಲ. ಉಪವಾಸ ಮತ್ತೆ ಶುರುವಾಯಿತು. ಅತ್ತೆ ಮುಖ ಗಂಟಿಕ್ಕಿಕೊಂಡು ಓಡಾಡಿದರು.

ಆದರೆ ತಿಂದ ನೊಣ ಸುಮ್ಮನೆ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಜೇಡ ಬಿಳಿಯ ರೇಷ್ಮೆಯುಂಡೆಯೊಂದನ್ನು ಅಪ್ಪಿ ಕೂತಿತ್ತು. ಒಳಗೆ ಮೊಟ್ಟೆ.

"ನೋಡು, ಬಸುರೀನ ಉಪವಾಸ ಹಾಕಿದ್ದೀಯ," ಅಂದರು ಅತ್ತೆ.

ಜೇಡಕ್ಕನಿಗೆ ನಗು ಬಂತು. ನಗುತ್ತಿದ್ದಂತೆಯೇ ಹೊಳೆಯಿತು: ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿ ಯಾವ ನೊಣವನ್ನೂ ಮುಟ್ಟಿರುವುದಿಲ್ಲ. ಲ್ಯಾಬಿಗೆ ಫೋನ್ ಮಾಡಿದಳು. ಮರಿ ಸಣ್ಣದಾದರೂ ತನ್ನಿ, ಪ್ರಯತ್ನಿಸೋಣ ಎಂದರು.

ಮರಿಗಳು ಹೊರಬಂದಾಗ ಡಬ್ಬಿಯಲ್ಲಿ ಸಾಸಿವೆ ಚೆಲ್ಲಿದಂತಿತ್ತು. ಕೆಲವು ಮಾತ್ರ ಲ್ಯಾಬಿಗೆ ಹೋದವು. ತಾಯಿಯನ್ನೂ ಉಳಿದ ಮರಿಗಳನ್ನೂ ಅತ್ತೆ ಸೊಸೆ ಸೇರಿ ರೈಲು ಸೇತುವೆಯ ಕೆಳಗಿನ ಕಲ್ಲುಗೋಡೆಗೆ ಬಿಟ್ಟು ಬಂದರು.

ಓದು ಕೈಗೂಡಿದ್ದನ್ನು ಕೇಳಿಯೇ ಜೇಡಕ್ಕ ಕಣ್ಣುಮುಚ್ಚಿದಳು. ಗೋಡೆಗೆ ಬಿಟ್ಟವು ಉಳಿದವೋ ಇಲ್ಲವೋ ಎಂಬ ಚಿಂತೆ ಮಾತ್ರ ಉಳಿದಿತ್ತು. ಹೋಗಿ ನೋಡಲು ಆಗ ಅವಳ ಕಾಲಲ್ಲಿ ಶಕ್ತಿಯಿರಲಿಲ್ಲ. ಮೊನ್ನೆ ಅತ್ತೆಯೇ ಸೇತುವೆಯ ಕೆಳಗೆ ಹೋಗಿ ಟಾರ್ಚ್ ಬೆಳಕು ಬಿಟ್ಟರು. ಕಲ್ಲಿನ ಸಂದುಸಂದಿನಲ್ಲೂ ಬಲೆ, ಬಲೆಯ ಬಾಯಲ್ಲಿ ಬೂದು ಕಾಲುಗಳು. ಮೇಲೆ ರೈಲು ಹಾದುಹೋಯಿತು. ಒಂದೂ ತನ್ನ ಬಲೆ ಬಿಟ್ಟು ಕದಲಲಿಲ್ಲ.